ಕಾಸರಗೋಡಿನಲ್ಲಿ ಮಗುವನ್ನು ಅನ್‌ಐಡೆಡ್ ಶಾಲೆಗೆ ಸೇರಿಸುವಾಗ

ಬದಿಯಡ್ಕ, ಕುಂಬಳೆ, ಉಪ್ಪಳ ಕಡೆಯ ಕೆಲವು ಮನೆಯವರು ಸೇರಿ ಮಕ್ಕಳಿಗೆ ಶಾಲೆ ಹುಡುಕಿದ ಕ್ರಮವನ್ನು ಇಲ್ಲಿ ಬರೆದಿದ್ದೇವೆ. ಹುಡುಕಿದ್ದು ಒಂದೇ ಬಗೆಯ ಶಾಲೆ. ಮಾಷ್ಟ್ರುಗಳಿಗೆ ಸರ್ಕಾರದ ಸಂಬಳ ಇಲ್ಲದ (ಅದನ್ನೇ ಅನ್‌ಐಡೆಡ್ ಎನ್ನುವುದು), ಹಾಸ್ಟೆಲ್ ಇಲ್ಲದ, ಹುಡುಗ ಹುಡುಗಿಯರು ಒಟ್ಟಿಗೆ ಕಲಿಯುವ, ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುವಂಥ ಶಾಲೆ. ಅದೇ ಶ್ರೇಷ್ಠ ಎಂಬ ವಾದ ನಮಗಿಲ್ಲ. ನಡೆದು ಹೋಗುವಷ್ಟು ಹತ್ತಿರ ಒಳ್ಳೆಯ ಕನ್ನಡ ಮೀಡಿಯಂ ಶಾಲೆ ಇದ್ದು, ಮಕ್ಕಳು ತಕ್ಕಷ್ಟು ಇದ್ದರೆ ಈ ಬರಹವನ್ನು ಇಲ್ಲಿಗೇ ಬಿಟ್ಟು ಅಲ್ಲಿಗೆ ಹೋಗಿ. ಹಣ ಕೊಟ್ಟು ಕಲಿಸುವುದೆಂದು ತೀರ್ಮಾನಿಸಿದವರಿಗೆ ಮಾತ್ರ ಮುಂದಿನದು.

ಈ ಜಿಲ್ಲೆಯಲ್ಲಿ ಶಾಲೆಯ ಹೆಸರಿನ ಮೊದಲ ಅಕ್ಷರವೇ ಅರ್ಧ ವಿಷಯ ಹೇಳುತ್ತದೆ. ಬೋರ್ಡಿನಲ್ಲಿ ‘ಜಿ’ ಇದ್ದರೆ ಸರ್ಕಾರಿ, ‘ಎ’ ಇದ್ದರೆ ಐಡೆಡ್. ಜಿಎಲ್‌ಪಿಎಸ್, ಎಯುಪಿಎಸ್, ಎಜೆಬಿಎಸ್, ಜಿಎಚ್‌ಎಸ್‌ಎಸ್ ಎಲ್ಲವೂ ಹೀಗೆ. ಎಲ್‌ಪಿ ಅಂದರೆ 1ರಿಂದ 4, ಯುಪಿ ಅಂದರೆ 5ರಿಂದ 7, ಹೈಸ್ಕೂಲು 8ರಿಂದ 10. ಜೆಬಿಎಸ್ ಎಂಬುದು ಹಳೆಯ ಜೂನಿಯರ್ ಬೇಸಿಕ್, ಅದೂ 4ರ ತನಕವೇ. ಐಡೆಡ್ ಶಾಲೆಯ ಕಟ್ಟಡ ಮ್ಯಾನೇಜರರದು, ಸಂಬಳ ಸರ್ಕಾರದ್ದು. ಅಲ್ಲಿ ಬೋಧನಾ ಶುಲ್ಕ ಇಲ್ಲ, 8ರ ತನಕ ಮಧ್ಯಾಹ್ನದ ಊಟ ಉಂಟು. ಜೂನ್ ತಿಂಗಳ ಆರನೇ ಕೆಲಸದ ದಿನ ತರಗತಿಯಲ್ಲಿ ಎಷ್ಟು ತಲೆ ಇದೆ ಎಂಬ ಎಣಿಕೆಯ ಮೇಲೆ ಅಲ್ಲಿನ ಅಧ್ಯಾಪಕರ ಹುದ್ದೆ ನಿಲ್ಲುತ್ತದೆ. ಎಪ್ರಿಲ್–ಮೇಯಲ್ಲಿ ಟೀಚರುಗಳು ಮನೆಮನೆಗೆ ಬರುವುದು ಇದೇ ಕಾರಣಕ್ಕೆ. ಅನ್‌ಐಡೆಡ್ ಶಾಲೆಗೆ ಈ ಹೆದರಿಕೆ ಇಲ್ಲ. ಅದರ ಹೆದರಿಕೆ ಬೇರೆ: ಮಕ್ಕಳು ಕಡಿಮೆಯಾದರೆ ಸಂಬಳ ಕೊಡಲಾಗದು, ಸಂಬಳ ಕಡಿಮೆಯಾದರೆ ಟೀಚರ್ ನಿಲ್ಲುವುದಿಲ್ಲ. ಆದ್ದರಿಂದ ಅಂಥ ಶಾಲೆಯಲ್ಲಿ ಮೊದಲು ವಿಚಾರಿಸಬೇಕಾದದ್ದು ಸ್ಮಾರ್ಟ್ ಬೋರ್ಡು ಎಷ್ಟು ಎಂದಲ್ಲ, ಟೀಚರುಗಳು ಎಷ್ಟು ವರ್ಷದಿಂದ ಇದ್ದಾರೆ ಎಂದು.

ಅನ್‌ಐಡೆಡ್‌ನಲ್ಲೂ ಎರಡು ಜಾತಿ. ಕೇರಳ ಸಿಲೆಬಸ್ ಹಿಡಿದು ರಾಜ್ಯ ಶಿಕ್ಷಣ ಇಲಾಖೆಯ ಮಾನ್ಯತೆ ಪಡೆದವು ಒಂದು, ರಾಜ್ಯದ ಎನ್‌ಒಸಿ (ಆಕ್ಷೇಪ ಇಲ್ಲವೆಂಬ ಪತ್ರ) ಪಡೆದು ಸಿಬಿಎಸ್‌ಇಗೆ ಸೇರಿದವು ಇನ್ನೊಂದು. ನಮ್ಮಲ್ಲಿ ಹೆಚ್ಚಿನವರು ನೋಡಿದ್ದು ಎರಡನೆಯದನ್ನು.

ಕಟ್ಟಡಕ್ಕಿಂತ ಮೊದಲು ಕಾಗದ

ಶಾಲೆಗೆ ಹೋಗುವ ಮೊದಲೇ ಮನೆಯಲ್ಲಿ ಕೂತು ಮಾಡಬಹುದಾದ ಕೆಲಸ ಬಹಳ ಉಂಟು. ಸಿಬಿಎಸ್‌ಇಗೆ ಸೇರಿದ ಪ್ರತಿ ಶಾಲೆಯೂ ತನ್ನ ಜಾಲತಾಣದಲ್ಲಿ ‘ಮ್ಯಾಂಡೇಟರಿ ಪಬ್ಲಿಕ್ ಡಿಸ್‌ಕ್ಲೋಶರ್’ ಎಂಬ ಪುಟ ಇಡಲೇಬೇಕು. ಎಫಿಲಿಯೇಶನ್ ನಂಬರು, ಮಾನ್ಯತಾ ಪತ್ರ, ಟ್ರಸ್ಟ್ ಅಥವಾ ಸೊಸೈಟಿಯ ನೋಂದಣಿ, ಕಟ್ಟಡ ಮತ್ತು ಬೆಂಕಿ ಸುರಕ್ಷೆಯ ಸರ್ಟಿಫಿಕೇಟು, ನೀರು–ನೈರ್ಮಲ್ಯದ ಸರ್ಟಿಫಿಕೇಟು, ಶುಲ್ಕದ ಪಟ್ಟಿ, ಕಳೆದ 3 ವರ್ಷದ ಫಲಿತಾಂಶ, ಟೀಚರುಗಳ ಸಂಖ್ಯೆ, ತರಗತಿ ಕೋಣೆಗಳ ಸಂಖ್ಯೆ ಮತ್ತು ಅಳತೆ, ಹುಡುಗಿಯರಿಗೆ ಎಷ್ಟು ಶೌಚಾಲಯ, ಹುಡುಗರಿಗೆ ಎಷ್ಟು, ಎಲ್ಲವೂ ಅಲ್ಲಿರಬೇಕು. ಲಿಂಕು ಒತ್ತಿದರೆ ಏನೂ ತೆರೆಯದ, ಅಥವಾ ಅವಧಿ ಮುಗಿದ ಸರ್ಟಿಫಿಕೇಟಿನ ಮಸುಕು ಫೋಟೋ ಹಾಕಿದ ಪುಟಗಳೂ ಕಾಣಸಿಗುತ್ತವೆ. ತಪ್ಪು ಎಂದು ಆಗಲೇ ತೀರ್ಮಾನಿಸಬೇಡಿ, ಆದರೆ ಆಫೀಸಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಸಿಕ್ಕಿತು ಎಂದುಕೊಳ್ಳಿ.

ಕೇರಳದ ಸಿಬಿಎಸ್‌ಇ ಶಾಲೆಗಳ ಎಫಿಲಿಯೇಶನ್ ನಂಬರು 93ರಿಂದ ಸುರುವಾಗುತ್ತದೆ, ಕರ್ನಾಟಕದ್ದು 83ರಿಂದ. ದೇಶದ ಎಲ್ಲ ಶಾಲೆಗಳ ಸರ್ಕಾರಿ ದಾಖಲೆಯಾದ ಯುಡೈಸ್‌ನ ಕೋಡಿಗೆ 11 ಅಂಕಿ, ಕಾಸರಗೋಡು ಜಿಲ್ಲೆಯದಾದರೆ ಮೊದಲ ನಾಲ್ಕು 3201. ನಂಬರನ್ನು ಸಿಬಿಎಸ್‌ಇಯ ಸರಸ್ ಜಾಲತಾಣದಲ್ಲಿ ಹಾಕಿ ನೋಡಿದರೆ ಎರಡು ವಿಷಯ ಸಿಗುತ್ತದೆ. ಎಫಿಲಿಯೇಶನ್ ಯಾವ ವರ್ಷದ ತನಕ, ಮತ್ತು ಯಾವ ಹಂತದ ತನಕ. ಈ ಎರಡನೆಯದರಲ್ಲೇ ಜನ ಎಡವುವುದು. ‘ಸೆಕೆಂಡರಿ’ ಎಂದಿದ್ದರೆ 10ರ ತನಕ, ‘ಸೀನಿಯರ್ ಸೆಕೆಂಡರಿ’ ಎಂದಿದ್ದರೆ 12ರ ತನಕ. 8ರ ತನಕದ ಅನುಮತಿ ಮಾತ್ರ ಇರುವ ಶಾಲೆ 9 ಮತ್ತು 10ನ್ನೂ ನಡೆಸಿದರೆ, ಮಕ್ಕಳ ಹೆಸರು ಬೋರ್ಡಿನಲ್ಲಿ ಇನ್ನೊಂದು ಶಾಲೆಯ ಕೆಳಗೆ ದಾಖಲಾಗುತ್ತದೆ. ಅಂಕಪಟ್ಟಿಯಲ್ಲಿ ಬರುವುದು ಮಗು ಕಂಡೇ ಇರದ ಶಾಲೆಯ ಹೆಸರು.

ಇನ್ನೊಂದು ಮಾತು ಕೇಳಿಸಿದರೆ ಕಿವಿ ನೆಟ್ಟಗಾಗಬೇಕು: ‘ಸಿಬಿಎಸ್‌ಇ ಪ್ಯಾಟರ್ನ್’. ಎಲ್‌ಕೆಜಿ, ಯುಕೆಜಿ ನಡೆಸಲು ಎಫಿಲಿಯೇಶನ್ ಬೇಡ. ಅಲ್ಲಿಂದ ವರ್ಷಕ್ಕೊಂದು ತರಗತಿ ಏರಿಸುತ್ತಾ ಹೋಗುವ ಹೊಸ ಶಾಲೆ ಎನ್‌ಸಿಇಆರ್‌ಟಿ ಪುಸ್ತಕ ಹಿಡಿದ ಮಾತ್ರಕ್ಕೆ ಸಿಬಿಎಸ್‌ಇ ಆಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಒಂದು ಲಕ್ಷ ರೂಪಾಯಿ ತನಕ ದಂಡ, ಮತ್ತೂ ಮುಂದುವರಿಸಿದರೆ ದಿನಕ್ಕೆ ಹತ್ತು ಸಾವಿರ. ದಂಡ ಕಟ್ಟುವುದು ಶಾಲೆ, ಟಿಸಿ ಹಿಡಿದು ಅಲೆಯುವುದು ನಾವು.

ಎರಡನೇ ಭಾಷೆಯ ಪಿರಿಯಡ್

ಕಾಸರಗೋಡಿನ ಕನ್ನಡ ಮನೆಗಳಿಗೆ ಶಾಲೆಯ ಬೇರೆಲ್ಲ ಗುಣಕ್ಕಿಂತ ಇದೇ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ. ಪ್ರೊಸ್ಪೆಕ್ಟಸ್‌ನಲ್ಲಿ ಒಂದು ಸಾಲು ಇರುತ್ತದೆ: ‘ಎರಡನೇ ಭಾಷೆ: ಮಲೆಯಾಳ / ಕನ್ನಡ / ಅರಬಿಕ್’. ಆ ಸಾಲು ನಿಜವೂ ಹೌದು, ಅರ್ಧವೂ ಹೌದು. ಎಷ್ಟನೇ ತರಗತಿಯ ತನಕ, ವಾರಕ್ಕೆ ಎಷ್ಟು ಪಿರಿಯಡ್, ಕಲಿಸುವವರು ಯಾರು ಎಂದು ಕೇಳಿದಾಗಲೇ ಉಳಿದರ್ಧ ಹೊರಬರುವುದು.

ಕೆಲಸ ನಡೆಯುವ ರೀತಿ ಹೀಗೆ. ಎರಡನೇ ಭಾಷೆಯ ಪಿರಿಯಡ್ ಬಂದಾಗ ತರಗತಿ ಒಡೆಯುತ್ತದೆ. ಮಲೆಯಾಳದವರು ಅಲ್ಲೇ ಕೂರುತ್ತಾರೆ, ಕನ್ನಡದವರು ಒಂದು ಕೋಣೆಗೆ, ಅರಬಿಕ್ ಅಥವಾ ಸಂಸ್ಕೃತದವರು ಇನ್ನೊಂದು ಕೋಣೆಗೆ. ಒಂದೇ ಹೊತ್ತಿಗೆ ಮೂರು ಟೀಚರು, ಮೂರು ಕೋಣೆ ಬೇಕು. ಒಂದರಿಂದ ಹತ್ತರ ತನಕ ತರಗತಿಗೆ ಒಂದೇ ಡಿವಿಜನ್ ಎಂದಿಟ್ಟುಕೊಳ್ಳಿ. ವಾರಕ್ಕೆ 5 ಪಿರಿಯಡ್ ಕನ್ನಡ ಅಂದರೆ ಒಟ್ಟು 50. ದಿನಕ್ಕೆ 8 ಪಿರಿಯಡಿನಂತೆ ಐದು ದಿನದ ವಾರದಲ್ಲಿ ಇರುವುದೇ 40. ಒಬ್ಬರೇ ಕನ್ನಡ ಟೀಚರ್ ಇರುವ ಶಾಲೆಯಲ್ಲಿ ಅವರು ನೀರು ಕುಡಿಯದೆ ಪಾಠ ಮಾಡಿದರೂ 10 ಪಿರಿಯಡ್ ಸಾಲದು. ಆಗ ಶಾಲೆಯ ಮುಂದೆ ಮೂರು ದಾರಿ. ಎರಡು ತರಗತಿಯನ್ನು ಒಟ್ಟಿಗೆ ಕೂರಿಸುವುದು, ವಾರಕ್ಕೆ 3ಕ್ಕೆ ಇಳಿಸುವುದು, ಅಥವಾ 4 ಇಲ್ಲವೇ 5ನೇ ತರಗತಿಯ ನಂತರ ಕನ್ನಡ ನಿಲ್ಲಿಸಿ ‘ಇನ್ನು ಹಿಂದಿ ತೆಗೊಳ್ಳಿ’ ಎನ್ನುವುದು. ಮೂರನೆಯ ದಾರಿ ಶಾಲೆಗೆ ಸುಲಭ.

ಆದ್ದರಿಂದ ಆಫೀಸಿನಲ್ಲಿ ‘ಕನ್ನಡ ಉಂಟಾ?’ ಎಂದು ಕೇಳಿ ಪ್ರಯೋಜನ ಇಲ್ಲ. ‘ಉಂಟು’ ಎನ್ನುತ್ತಾರೆ. ‘ಕಳೆದ ವರ್ಷ ಹತ್ತನೆಯಲ್ಲಿ ಕನ್ನಡ ಬರೆದ ಮಕ್ಕಳು ಎಷ್ಟು ಮಂದಿ?’ ಎಂದು ಕೇಳಬೇಕು. ಸಿಬಿಎಸ್‌ಇಯಲ್ಲಿ ಕನ್ನಡದ ವಿಷಯ ಸಂಕೇತ 015, ಮಲೆಯಾಳದ್ದು 012, ಹಿಂದಿ ಬಿ ಕೋರ್ಸಿನದು 085, ಇಂಗ್ಲಿಷಿನದು 184. 015 ಎಂಬ ಸಂಖ್ಯೆ ಆಫೀಸಿನವರಿಗೆ ನೆನಪಿಲ್ಲ ಎಂದಾದರೆ ಆ ಶಾಲೆಯಿಂದ ಇತ್ತೀಚೆಗೆ ಯಾರೂ ಕನ್ನಡ ಬರೆದಿರಲಿಕ್ಕಿಲ್ಲ. ಒಂಬತ್ತನೆಯಲ್ಲಿ ಬೋರ್ಡಿಗೆ ಹೆಸರು ನೋಂದಾಯಿಸುವಾಗ ಕೊಟ್ಟ ವಿಷಯವೇ ಹತ್ತಕ್ಕೂ ಸಾಗುತ್ತದೆ, ನಡುವೆ ಬದಲಿಸುವುದು ಹೆಣಗಾಟ. ಹಾಗಾಗಿ ಎಂಟನೆಯ ಮಾರ್ಚಿನೊಳಗೆ ವಿಷಯ ಇತ್ಯರ್ಥವಾಗಿರಬೇಕು. ಎನ್‌ಸಿಇಆರ್‌ಟಿ ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನಕ್ಕೆ ಪುಸ್ತಕ ಕೊಡುತ್ತದೆ, ಕನ್ನಡ ಭಾಷಾಪಾಠಕ್ಕೆ 8ರ ತನಕ ಶಾಲೆಯೇ ಪುಸ್ತಕ ಆರಿಸಬೇಕು. ಯಾವುದು ಹಿಡಿದಿದ್ದಾರೆ, ಅದು ಈ ವರ್ಷ ಅಂಗಡಿಯಲ್ಲಿ ಸಿಗುತ್ತದೋ ಎಂದು ನೋಡಿಕೊಳ್ಳಿ. ಆಗಸ್ಟಿನ ತನಕ ಜೆರಾಕ್ಸಿನಲ್ಲೇ ಪಾಠ ಓಡುವುದು ಈ ಒಂದು ವಿಷಯದಲ್ಲಿ ಮಾತ್ರ.

ಕೇರಳ ಸಿಲೆಬಸ್‌ನ ಅನ್‌ಐಡೆಡ್ ಶಾಲೆಯಾದರೆ ಲೆಕ್ಕ ಬೇರೆ. ಅಲ್ಲಿ ಮೊದಲ ಭಾಷೆಗೇ ಎರಡು ಪೇಪರು. ಒಂದನೇ ಪೇಪರಿಗೆ ಕನ್ನಡ, ಮಲೆಯಾಳ, ಸಂಸ್ಕೃತ, ಅರಬಿಕ್, ಉರ್ದುಗಳಲ್ಲಿ ಒಂದು, ಎರಡನೇ ಪೇಪರಿಗೆ ಕನ್ನಡ ಅಥವಾ ಮಲೆಯಾಳ. ಇಂಗ್ಲಿಷ್, ಹಿಂದಿ ಆಮೇಲಿನವು. ಕನ್ನಡ ಪಠ್ಯಪುಸ್ತಕವನ್ನು ಕೇರಳದ ಎಸ್‌ಸಿಇಆರ್‌ಟಿಯೇ ತಯಾರಿಸುತ್ತದೆ. ಕನ್ನಡ ಎರಡೂ ಪೇಪರಿನಲ್ಲಿ ಸಿಕ್ಕಿದರೆ ಅದು ಸಿಬಿಎಸ್‌ಇಯಲ್ಲಿ ಸಿಗುವುದಕ್ಕಿಂತ ಗಟ್ಟಿ. ಈ ಒಂದು ಕಾರಣಕ್ಕೆ ನಮ್ಮಲ್ಲಿ ಕೆಲವರು ಸಿಬಿಎಸ್‌ಇ ಬಿಟ್ಟು ಇತ್ತ ಬಂದರು.

ಮಲೆಯಾಳದ ವಿಷಯವನ್ನೂ ಹೇಳಬೇಕು. 2017ರ ಮಲೆಯಾಳ ಕಲಿಕಾ ಕಾಯ್ದೆ ಹತ್ತರ ತನಕ ಮಲೆಯಾಳ ಕಲಿಸಬೇಕೆಂದು ಸಿಬಿಎಸ್‌ಇ ಶಾಲೆಗಳಿಗೂ ಅನ್ವಯವಾಗುವಂತೆ ಬಂತು, ಕಾಸರಗೋಡಿನಲ್ಲಿ ಅದಕ್ಕೆ ಪ್ರತಿಭಟನೆಯೂ ನಡೆಯಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಕೊಡಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಜಗಳ ಕೋರ್ಟು–ವಿಧಾನಸಭೆಯಲ್ಲಿ ಏನೇ ಇರಲಿ, ಮನೆಯವರು ಮಾಡಬಹುದಾದ ಕೆಲಸ ಒಂದೇ. ಅರ್ಜಿಯಲ್ಲಿ ಮಾತೃಭಾಷೆಯ ಕಾಲಂನಲ್ಲಿ ‘ಕನ್ನಡ’ ಅಥವಾ ‘ತುಳು’ ಎಂದು ಸ್ಪಷ್ಟವಾಗಿ ಬರೆದು, ಎರಡನೇ ಭಾಷೆ ಕನ್ನಡ ಎಂದು ಪ್ರತ್ಯೇಕ ಕಾಗದದಲ್ಲಿ ಕೊಟ್ಟು, ಅದರ ನಕಲಿನ ಮೇಲೆ ಆಫೀಸಿನ ಸೀಲು ಹಾಕಿಸಿಕೊಳ್ಳುವುದು. ಕ್ಲರ್ಕು ಮಲೆಯಾಳದಲ್ಲಿ ಮಾತನಾಡುತ್ತಾ ಫಾರ್ಮ್ ತುಂಬಿಸುವಾಗ ಆ ಕಾಲಂ ತಾನಾಗಿ ‘ಮಲೆಯಾಳ’ ಆಗಿಬಿಡುವುದುಂಟು. ಮಗು ಮಲೆಯಾಳ ಕಲಿಯಬಾರದು ಎಂದಲ್ಲ. ಈ ಜಿಲ್ಲೆಯಲ್ಲಿ ಬದುಕುವವನಿಗೆ ಅದು ಬೇಕೇ ಬೇಕು, ಆಟದ ಬಯಲಿನಲ್ಲಿ ಅರ್ಧ ಕಲಿತೂ ಆಗಿರುತ್ತದೆ. ಕನ್ನಡದ ಒತ್ತಕ್ಷರ ಆಟದ ಬಯಲಿನಲ್ಲಿ ಸಿಗುವುದಿಲ್ಲ.

ಕಲಿಕೆಯ ಮಟ್ಟ ತಿಳಿಯಲು ನಾಲ್ಕನೆಯ ತರಗತಿಯ ಒಂದು ಕನ್ನಡ ನೋಟುಬುಕ್ಕು ಸಾಕು. ಆ ಶಾಲೆಗೆ ಹೋಗುವ ಪಕ್ಕದ ಮನೆಯ ಮಗುವಿನದೇ ಆದೀತು. ಡಿಸೆಂಬರ್ ಹೊತ್ತಿಗೆ ಎಷ್ಟು ಪುಟ ತುಂಬಿದೆ ನೋಡಿ. ಕೆಂಪು ಶಾಯಿಯಲ್ಲಿ ಬರೀ ರೈಟು ಗುರುತೇ ಇದ್ದು, ‘ಹಕ್ಕಿ’ಗೆ ಒತ್ತು ಬಿಟ್ಟಲ್ಲಿ, ‘ಭಾರತ’ ‘ಬಾರತ’ ಆದಲ್ಲಿ ತಿದ್ದದೆ ಬಿಟ್ಟಿದ್ದರೆ ಆ ಪುಟವನ್ನು ಯಾರೂ ಓದಿಲ್ಲ. ತಪ್ಪಿದ ಶಬ್ದವನ್ನು ಕೆಳಗೆ ಮತ್ತೆ ಬರೆಸಿದ್ದು ಕಂಡರೆ ಟೀಚರ್ ಒಳ್ಳೆಯವರು, ಅವರು ಮುಂದಿನ ವರ್ಷವೂ ಇರುತ್ತಾರೋ ಎಂದು ವಿಚಾರಿಸಿ.

ಶಾಲೆಯೊಳಗೆ ಕಾಲಿಟ್ಟಾಗ

ಜನವರಿ–ಫೆಬ್ರವರಿಯಲ್ಲಿ ಹೋದರೆ ಎಲ್ಲ ಶಾಲೆಯೂ ಚೆಂದ. ಸಾಧ್ಯವಾದರೆ ಹಿಂದಿನ ಜುಲೈಯಲ್ಲಿ ಒಂದು ಸಲ ಗೇಟಿನ ತನಕ ಹೋಗಿಬನ್ನಿ. ಮುರಕಲ್ಲು ಕಡಿದು ಸಮ ಮಾಡಿದ ಗುಡ್ಡದ ಮೇಲೆ ಕಟ್ಟಿದ ಶಾಲೆಗಳಲ್ಲಿ ನೀರು ಎತ್ತ ಹರಿಯುತ್ತದೆ, ಹಿಂದಿನ ಬರೆಗೆ (ಗುಡ್ಡ ಕಡಿದ ಬದಿಗೆ) ತಡೆಗೋಡೆ ಇದೆಯೋ, ತರಗತಿಯ ಕಿಟಕಿಯಿಂದ ಎರಚಲು ಬರುತ್ತದೋ ಎಂಬುದೆಲ್ಲ ಆಗಲೇ ಕಾಣುವುದು. ಪ್ರತಿ ವರ್ಷ ಜೂನಿಗೆ ಮೊದಲು ಸ್ಥಳೀಯ ಸಂಸ್ಥೆಯ ಇಂಜಿನಿಯರ್ ಕಟ್ಟಡದ ಫಿಟ್ನೆಸ್ ಸರ್ಟಿಫಿಕೇಟು ಕೊಡಬೇಕು. ಆ ವರ್ಷದ್ದೇ ತೋರಿಸಲು ಕೇಳಿ.

ಕುಡಿಯುವ ನೀರು ಬಾವಿಯದ್ದಾದರೆ ಶೌಚದ ಗುಂಡಿ ಎಷ್ಟು ದೂರ ಎಂದು ಕಣ್ಣಳತೆ ಹಾಕಿ. ಕೇರಳದ ಕಟ್ಟಡ ನಿಯಮ ಕೇಳುವುದು ಕನಿಷ್ಠ 7.5 ಮೀಟರ್. ಮುರಕಲ್ಲಿನ ನೆಲದಲ್ಲಿ ತೂತುಗಳ ಮೂಲಕ ನೀರು ಬೇಗ ಜಾರುವುದರಿಂದ ನಿಯಮದಷ್ಟು ದೂರ ಇದ್ದರೂ ಮಳೆಗಾಲದಲ್ಲಿ ಬಾವಿಗೆ ಕೋಲಿಫಾರ್ಮ್ (ಕೊಳಚೆ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಬರಬಹುದು. ನೀರಿನ ಪರೀಕ್ಷೆಯ ವರದಿಯ ತಾರೀಕು ಮಳೆಗಾಲದ್ದೋ ಬೇಸಗೆಯದ್ದೋ ನೋಡಿ, ಬೇಸಗೆಯ ವರದಿಗೆ ಅಷ್ಟು ಬೆಲೆ ಇಲ್ಲ.

ತರಗತಿಯಲ್ಲಿ ಬೆಂಚು ಎಣಿಸಿ. ಸಿಬಿಎಸ್‌ಇ ಒಂದು ಸೆಕ್ಷನ್ನಿಗೆ 40 ಮಕ್ಕಳೆಂದು ಮಿತಿ ಇಟ್ಟಿದೆ, ಕೋಣೆ ಸುಮಾರು 500 ಚದರಡಿ ಇರಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಅಧ್ಯಾಪಕರ ಲೆಕ್ಕ ಹೇಳುತ್ತದೆ. ಹಾಗೆಯೇ 5ರ ತನಕ ವರ್ಷಕ್ಕೆ 200 ದಿನ, 6ರಿಂದ 8ಕ್ಕೆ 220 ದಿನ ಪಾಠ ಆಗಬೇಕು. ಮಳೆ ರಜೆ, ಹರತಾಳ ಎಂದು ಹೋದ ದಿನಗಳನ್ನು ಯಾವ ಶನಿವಾರ ತುಂಬಿಸುತ್ತಾರೆ ಎಂದು ಕೇಳಿದರೆ ಒಳ್ಳೆಯ ಪ್ರಿನ್ಸಿಪಾಲರು ಕ್ಯಾಲೆಂಡರ್ ತೆಗೆದು ತೋರಿಸುತ್ತಾರೆ.

ಹುಡುಗ ಹುಡುಗಿಯರ ಮಿಶ್ರ ಶಾಲೆ ಎಂದು ಬೋರ್ಡು ಇದ್ದರೂ ಕೆಲವು ಕಡೆ ಏಳನೆಯ ನಂತರ ಡಿವಿಜನ್ ಬೇರೆ ಮಾಡುತ್ತಾರೆ. ಬೇಕೋ ಬೇಡವೋ ಎಂಬುದು ಮನೆಯವರ ಇಚ್ಛೆ, ಗೊತ್ತಿದ್ದು ಸೇರಿಸಬೇಕು ಅಷ್ಟೆ. 2022ರ ಜುಲೈಯಲ್ಲಿ ಕೇರಳದ ಮಕ್ಕಳ ಹಕ್ಕು ಆಯೋಗವು ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಬೇರೆಬೇರೆ ಶಾಲೆ ಬೇಡ, ಎಲ್ಲವೂ ಮಿಶ್ರ ಶಾಲೆಯಾಗಲಿ ಎಂದು ಆದೇಶಿಸಿತ್ತು. ಮಿಶ್ರ ಶಾಲೆಯ ನಿಜ ಪರೀಕ್ಷೆ ಶೌಚಾಲಯದಲ್ಲಿ. ಹುಡುಗಿಯರ ಕಡೆಯ ಬಾಗಿಲಿಗೆ ಚಿಲಕ ಇದೆಯೋ, ಮಾರ್ಚಿನಲ್ಲಿ ನೀರು ಬರುತ್ತದೋ, ಪ್ಯಾಡು ಹಾಕಲು ಮುಚ್ಚಳದ ಬುಟ್ಟಿ ಉಂಟೋ. ಜೊತೆಗೆ, ಆಟದ ಪಿರಿಯಡಿನಲ್ಲಿ ಮೈದಾನ ಹುಡುಗರ ಕ್ರಿಕೆಟಿಗೇ ಮೀಸಲೋ ಎಂದು ನೋಡಿದರೆ ಶಾಲೆಯ ಮನಸ್ಸು ತಿಳಿಯುತ್ತದೆ.

ಹೊತ್ತು ಕೂಡ ವಿಚಾರಿಸಬೇಕಾದ ವಿಷಯ. ಮದ್ರಸಕ್ಕೆ ಹೋಗುವ ಮಕ್ಕಳು ಬೆಳಗ್ಗೆ ಅದನ್ನು ಮುಗಿಸಿ ಬರಬೇಕು, ಸಂಜೆ ಯಕ್ಷಗಾನ ತರಗತಿಗೋ ಸಂಗೀತಕ್ಕೋ ಹೋಗುವವರು ನಾಲ್ಕಕ್ಕೆ ಮನೆ ಸೇರಬೇಕು. ಎಂಟೂವರೆಗೆ ಬೆಲ್ಲು ಹೊಡೆಯುವ ಶಾಲೆ ಪೆರ್ಲ, ಮುಳ್ಳೇರಿಯದ ಒಳಭಾಗದ ಮಗುವನ್ನು ಏಳಕ್ಕೆ ಮೊದಲೇ ಮನೆಯಿಂದ ಹೊರಡಿಸುತ್ತದೆ.

ಅರ್ಜಿ, ವಯಸ್ಸು, ಹೆಸರು

ಸಿಬಿಎಸ್‌ಇ ಶಾಲೆಗಳಲ್ಲಿ ಫಾರ್ಮ್ ಕೊಡುವುದು ಹೆಚ್ಚಾಗಿ ಡಿಸೆಂಬರ್–ಜನವರಿಯಲ್ಲಿ. ಮಾರ್ಚಿನ ನಂತರ ಹೋದರೆ ಸೀಟು ಇರಬಹುದು, ಬಸ್ಸಿನಲ್ಲಿ ಜಾಗ ಇರುವುದಿಲ್ಲ.

ಬೇಕಾದದ್ದು ಜನನ ಪ್ರಮಾಣಪತ್ರದ ಮೂಲ ಮತ್ತು ನಕಲು, ಮಗುವಿನ ಮತ್ತು ತಂದೆ ತಾಯಿಯ ಆಧಾರ್, ಫೋಟೋ, ಲಸಿಕೆ ಕಾರ್ಡು. ಐದು ವರ್ಷ ತುಂಬಿದ ಮೇಲಿನ ಡಿಪಿಟಿ ಬೂಸ್ಟರ್ ಹಾಕಿಸಿದ್ದೀರೋ ಎಂದು ಇದೇ ನೆಪದಲ್ಲಿ ನೋಡಿಕೊಳ್ಳಿ. ಮಧ್ಯದ ತರಗತಿಗೆ ಸೇರಿಸುವುದಾದರೆ ಟಿಸಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ವಯಸ್ಸಿನ ದಾಖಲೆಯಾಗಿ ಜನನ ಪ್ರಮಾಣಪತ್ರವೊಂದೇ ನಡೆಯುತ್ತದೆ.

ಗಡಿಯಲ್ಲಿ ತೊಡಕು ಬರುವುದು ಹೀಗೆ. ಹೆರಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ, ಜನನ ನೋಂದಣಿ ಕರ್ನಾಟಕದಲ್ಲಿ, ಆಧಾರ್ ಮಾಡಿಸಿದ್ದು ಊರಿನ ಅಕ್ಷಯ ಕೇಂದ್ರದಲ್ಲಿ (ಕೇರಳ ಸರ್ಕಾರದ ಆನ್‌ಲೈನ್ ಸೇವೆಯ ಕೇಂದ್ರ). ಒಂದರಲ್ಲಿ ಹೆಸರಿನ ಮುಂದೆ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು, ಮೂರನೆಯದರಲ್ಲಿ ಮನೆ ಹೆಸರು. ಕೆಲವು ಜನನ ಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿಯೇ ಇರುತ್ತದೆ, ಯಾಕೆಂದರೆ ನಾಮಕರಣ ಆಗುವ ಮೊದಲೇ ನೋಂದಣಿ ಮುಗಿದಿರುತ್ತದೆ. ಹೆಸರು ಸೇರಿಸಲು ನೋಂದಣಿಯಾದಲ್ಲಿಗೇ, ಅಂದರೆ ಹೊಳೆಯಾಚೆಯ ಕಚೇರಿಗೇ ಅರ್ಜಿ ಹಾಕಬೇಕು. ಮೊದಲು ಜನನ ಪತ್ರ, ಅದನ್ನು ನೋಡಿ ಆಧಾರ್, ಅದರ ಪ್ರಕಾರ ಶಾಲೆಯ ಫಾರ್ಮ್. ಈ ಅನುಕ್ರಮ ತಿರುಗಿದರೆ ಹತ್ತನೆಯ ಅಂಕಪಟ್ಟಿಯ ತನಕ ತಪ್ಪು ಹಿಂಬಾಲಿಸುತ್ತದೆ. ಶಾಲೆಯ ಎಡ್ಮಿಶನ್ ರಿಜಿಸ್ಟರಿನಲ್ಲಿ ಒಮ್ಮೆ ಬರೆದ ಹುಟ್ಟಿದ ದಿನವನ್ನು ಹೆಡ್‌ಮಾಷ್ಟ್ರು ತಾವಾಗಿ ಬದಲಿಸುವಂತಿಲ್ಲ. ಬರೆದ ದಿನವೇ ರಿಜಿಸ್ಟರನ್ನು ತಿರುಗಿಸಿ ಓದಿ, ಸಹಿ ಆಮೇಲೆ ಹಾಕಿ.

ಮಗುವಿಗೆ ಐದು ತುಂಬಿದಾಗ ಆಧಾರ್‌ಗೆ ಬೆರಳಚ್ಚು ಕೊಡಿಸುವ ಕೆಲಸ ಉಂಟು, ಹದಿನೈದಕ್ಕೆ ಮತ್ತೊಮ್ಮೆ. ಜೂನಿನ ಮಳೆಯಲ್ಲಿ ಎಲ್ಲರೂ ಒಟ್ಟಿಗೆ ಅಕ್ಷಯದ ಮುಂದೆ ಸಾಲು ನಿಲ್ಲುವ ಬದಲು ಎಪ್ರಿಲಿನಲ್ಲೇ ಮುಗಿಸಿ.

ವಯಸ್ಸಿನ ಮಾತು. ಕೇರಳದಲ್ಲಿ ಬಹುಕಾಲದಿಂದ ಜೂನ್ 1ಕ್ಕೆ ಐದು ತುಂಬಿದವರನ್ನು ಒಂದಕ್ಕೆ ಸೇರಿಸುತ್ತಾ ಬಂದಿದ್ದಾರೆ. 2026–27ರಿಂದ ಆರು ಮಾಡುವುದಾಗಿ ರಾಜ್ಯ ಸರ್ಕಾರ 2025ರಲ್ಲಿ ಹೇಳಿತು. ಕರ್ನಾಟಕ ಕೇಳುವುದು ಆರು. ಮುಂದೆ ತಲಪಾಡಿ ದಾಟಿ ಮಂಗಳೂರಿಗೆ ವರ್ಗವಾಗುವ ಸಾಧ್ಯತೆ ಇರುವ ಮನೆಯವರು ಯುಕೆಜಿಯಲ್ಲಿ ಒಂದು ವರ್ಷ ಹೆಚ್ಚು ಕೂರಿಸಿದರೆ ನಷ್ಟವೇನೂ ಇಲ್ಲ. ಐದಕ್ಕೇ ಒಂದಕ್ಕೆ ಸೇರಿದ ಮಗು ಪೆನ್ಸಿಲ್ ಹಿಡಿಯುವುದರಲ್ಲೇ ಅರ್ಧ ವರ್ಷ ಕಳೆಯುತ್ತದೆ.

‘ಇಂಟರಾಕ್ಷನ್’ ಎಂದು ಕರೆಯುತ್ತಾರೆ. ಒಂದನೇ ತರಗತಿಗೆ ಸೇರುವ ಮಗುವನ್ನಾಗಲಿ ತಂದೆ ತಾಯಿಯನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ತಡೆದಿದೆ, ಮೊದಲ ತಪ್ಪಿಗೆ 25 ಸಾವಿರ, ಆಮೇಲಿನ ಪ್ರತಿಯೊಂದಕ್ಕೆ 50 ಸಾವಿರ ರೂಪಾಯಿ ತನಕ ದಂಡ. ಕ್ಯಾಪಿಟೇಶನ್ ಶುಲ್ಕ (ಸೀಟಿಗೆಂದು ಫೀಸಿನ ಮೇಲೆ ಕೇಳುವ ಹಣ) ತೆಗೆದುಕೊಂಡರೆ ಅದರ ಹತ್ತು ಪಟ್ಟು. ಪರಿಚಯದ ಮಾತುಕತೆಗೆ ಯಾರ ಅಡ್ಡಿಯೂ ಇಲ್ಲ. ತುಳುವೋ ಕನ್ನಡವೋ ಮಾತನಾಡುವ ಮಗುವನ್ನು ಇಂಗ್ಲಿಷಿನಲ್ಲಿ ಕೇಳಿ, ಉತ್ತರ ಬರದಾಗ ‘ಸ್ವಲ್ಪ ಸ್ಲೋ’ ಎಂದು ಬರೆದುಕೊಳ್ಳುವ ಮೇಜಿನ ಎದುರು ಕೂತರೆ, ಆ ಶಾಲೆಯ ಒಂದನೇ ತರಗತಿ ಹೇಗಿರುತ್ತದೆ ಎಂದು ಅಲ್ಲೇ ತಿಳಿಯುತ್ತದೆ.

ಶುಲ್ಕ ಮತ್ತು ಬಸ್ಸು

ಬಾಯಿಮಾತಿನಲ್ಲಿ ಹೇಳುವ ಮೊತ್ತ ಯಾವಾಗಲೂ ಟ್ಯೂಶನ್ ಫೀಸು ಮಾತ್ರ. ಅರ್ಜಿ ಶುಲ್ಕ, ಎಡ್ಮಿಶನ್ ಶುಲ್ಕ, ಕಾಶನ್ ಡಿಪಾಸಿಟ್, ಸ್ಪೆಶಲ್ ಫೀಸು, ಕಂಪ್ಯೂಟರ್, ಪಿಟಿಎ, ಪುಸ್ತಕ, ಯೂನಿಫಾರ್ಮ್, ಬಸ್ಸು ಎಲ್ಲವನ್ನೂ ಒಂದೇ ಕಾಗದದಲ್ಲಿ ಬರೆಸಿಕೊಂಡು, ಒಮ್ಮೆ ಕೊಡುವುದು, ವರ್ಷಕ್ಕೊಮ್ಮೆ ಕೊಡುವುದು, ಟರ್ಮಿಗೆ ಕೊಡುವುದು ಎಂದು ಬೇರ್ಪಡಿಸಿ. ಡಿಪಾಸಿಟ್ ಹಿಂದೆ ಬರುವ ಹಣ, ಆದರೆ ಮೂಲ ರಶೀದಿ ಕಳೆದರೆ ಬರುವುದಿಲ್ಲ. ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿರುವವರಿಗೆ ತೆರಿಗೆ ವಿನಾಯಿತಿಗೆ ಇಬ್ಬರು ಮಕ್ಕಳ ಟ್ಯೂಶನ್ ಫೀಸು ಮಾತ್ರ ಲೆಕ್ಕಕ್ಕೆ ಬರುತ್ತದೆ, ಬಸ್ಸು–ಡಿಪಾಸಿಟ್ ಬರುವುದಿಲ್ಲ, ಹಾಗಾಗಿ ರಶೀದಿಯಲ್ಲಿ ಅದನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಲು ಹೇಳಿ. ಬಸ್ಸಿನ ಬಾಡಿಗೆ 10 ತಿಂಗಳಿಗೋ 12ಕ್ಕೋ ಎಂದು ಕೇಳಲು ಮರೆಯಬೇಡಿ.

ಹಾಸ್ಟೆಲ್ ಇಲ್ಲದ ಶಾಲೆ ಎಂದರೆ ಅರ್ಧ ಶಾಲೆ ಬಸ್ಸಿನಲ್ಲೇ ನಡೆಯುತ್ತದೆ. ಹಳದಿ ಬಣ್ಣ, ಮುಂದೆ ಹಿಂದೆ ಇಐಬಿ (ಶಿಕ್ಷಣ ಸಂಸ್ಥೆಯ ಬಸ್ಸು) ಎಂಬ ಬರಹ, 50 ಕಿಲೋಮೀಟರಿಗೆ ಕಟ್ಟಿದ ಸ್ಪೀಡ್ ಗವರ್ನರ್, ತುರ್ತು ಬಾಗಿಲು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಜಿಪಿಎಸ್, ಆಯಾ ಇವೆಲ್ಲ ಇರಬೇಕು. ಬಾಡಿಗೆಯ ವ್ಯಾನಾದರೆ ‘ಆನ್ ಸ್ಕೂಲ್ ಡ್ಯೂಟಿ’ ಎಂಬ ಬೋರ್ಡು. ಮೋಟಾರು ವಾಹನ ಇಲಾಖೆಯ ವಿದ್ಯಾವಾಹನ್ ಆ್ಯಪಿನಲ್ಲಿ ಬಸ್ಸು ಎಲ್ಲಿದೆ ಎಂದು ಮನೆಯಿಂದಲೇ ನೋಡಬಹುದು, ಶಾಲೆಯವರು ನಿಮ್ಮ ಫೋನ್ ನಂಬರು ಸೇರಿಸಿದ್ದರೆ ಮಾತ್ರ.

ಆರು ಸಾಲಿನ ರಾಷ್ಟ್ರೀಯ ಹೆದ್ದಾರಿ 66 ಬಂದ ಮೇಲೆ ಹೊಸ ಪ್ರಶ್ನೆಯೊಂದು ಹುಟ್ಟಿದೆ: ಬಸ್ಸು ಯಾವ ಬದಿಯ ಸರ್ವಿಸ್ ರೋಡಿನಲ್ಲಿ ಇಳಿಸುತ್ತದೆ? ಮಂಜೇಶ್ವರದಿಂದ ಕಾಸರಗೋಡಿನ ತನಕ ಹೆದ್ದಾರಿ ದಾಟಲು ಹೆಚ್ಚಿನ ಕಡೆ ಅಂಡರ್‌ಪಾಸೇ ಗತಿ. ಮನೆ ಪಡುವಣ ಬದಿಯಲ್ಲಿದ್ದು ಬಸ್ಸು ಮೂಡಣ ಬದಿಯಲ್ಲಿ ನಿಂತರೆ ಆರು ವರ್ಷದ ಮಗುವನ್ನು ಕರೆತರಲು ದಿನವೂ ಯಾರಾದರೂ ಅಂಡರ್‌ಪಾಸ್ ಸುತ್ತಬೇಕು. ರೂಟ್ ನಕ್ಷೆಯಲ್ಲಿ ಇದು ಕಾಣುವುದಿಲ್ಲ. ಒಳನಾಡಿನವರಿಗೆ ಬೇರೆ ತಲೆನೋವು. ಬಸ್ಸು ಗುಡ್ಡದ ರಸ್ತೆಗೆ ಇಳಿಯದೆ ಕಟ್ಟೆಯ ಹತ್ತಿರವೇ ನಿಲ್ಲುತ್ತದೆ, ಮಳೆಗಾಲದಲ್ಲಿ ತೋಡು ತುಂಬಿದರೆ ಅಲ್ಲಿಗೂ ಬರುವುದಿಲ್ಲ.

ಜೂನ್ ಮತ್ತು ಆಮೇಲೆ

ಶಾಲೆ ಸುರುವಾಗುವುದೂ ಮಳೆ ಹಿಡಿಯುವುದೂ ಒಂದೇ ವಾರ. ಕಪ್ಪು ಶೂ ಒಮ್ಮೆ ನೆನೆದರೆ ಮರುದಿನಕ್ಕೆ ಒಣಗುವುದಿಲ್ಲ. ಆಗಸ್ಟ್ ತನಕ ಚಪ್ಪಲಿ ಹಾಕಲು ಬಿಡುತ್ತಾರೋ ಕೇಳಿ, ಬಿಟ್ಟರೆ ಶೂ ಓಣಂ ರಜೆ ಕಳೆದು ತೆಗೆದುಕೊಳ್ಳಿ, ಅಷ್ಟರಲ್ಲಿ ಕಾಲೂ ಬೆಳೆದಿರುತ್ತದೆ. ಜಿಲ್ಲಾಧಿಕಾರಿ ಸಾರುವ ಮಳೆ ರಜೆ ಸಿಬಿಎಸ್‌ಇ ಶಾಲೆಗಳಿಗೂ ಸಾಮಾನ್ಯವಾಗಿ ಅನ್ವಯ. ಬೆಳಗ್ಗೆ ತಡವಾಗಿ ಸಾರಿದರೆ ಮೊದಲ ರೂಟಿನ ಬಸ್ಸು ಆಗಲೇ ಹೊರಟಿರುತ್ತದೆ. ಆ ಮಕ್ಕಳನ್ನು ಹೇಗೆ ಹಿಂದೆ ಕಳಿಸುತ್ತಾರೆ ಎಂಬ ಕ್ರಮ ಶಾಲೆಯ ಬಳಿ ಬರೆದಿಟ್ಟದ್ದು ಇರಬೇಕು. ಕಾಸರಗೋಡಿನಲ್ಲಿ ರಜೆ, ದಕ್ಷಿಣ ಕನ್ನಡದಲ್ಲಿ ಇಲ್ಲ, ಅಥವಾ ಅದರ ತಿರುಗುಮುರುಗು, ಮಕ್ಕಳನ್ನು ಎರಡು ಕಡೆಗೆ ಕಳಿಸುವ ಮನೆಗಳಿಗೆ ಇದು ಪ್ರತಿ ಜುಲೈಯ ಪಾಡು. ದೊಡ್ಡ ರಜೆ ಇಲ್ಲಿ ಓಣಂಗೆ, ಅಲ್ಲಿ ದಸರಾಕ್ಕೆ. ನವರಾತ್ರಿಗೆ ಅಜ್ಜನ ಮನೆಗೆ ಹೋಗುವ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಶಾಲೆ ಬದಲಿಸುವ ಸಂದರ್ಭ ಹೆಚ್ಚಾಗಿ 5ಕ್ಕೋ 8ಕ್ಕೋ ಬರುತ್ತದೆ. ಎಂಟರ ತನಕ ಟಿಸಿ ತಡವಾಯಿತೆಂದು ಸರ್ಕಾರಿ, ಐಡೆಡ್ ಶಾಲೆಗಳು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಹಾಗೆಂದು ಟಿಸಿ ಇಲ್ಲದೆ ಹೋದರೆ ಆಮೇಲಿನ ಅಲೆದಾಟ ನಿಮ್ಮದೇ. ರಾಜ್ಯ ದಾಟುವುದಾದರೆ ಟಿಸಿಯ ಮೇಲೆ ಇಲ್ಲಿನ ಶಿಕ್ಷಣಾಧಿಕಾರಿಯ (ಎಇಒ ಅಥವಾ ಡಿಇಒ) ಮೇಲುಸಹಿ ಹಾಕಿಸಿಕೊಳ್ಳಿ, ಅತ್ತಲಿಂದ ಬರುವವರು ಬಿಇಒ ಸಹಿ ತರಬೇಕು. ಕಾಗದದ ಜೊತೆಗೆ ಇನ್ನೊಂದು ಕಾಣದ ಕೆಲಸ ಉಂಟು. ಯುಡೈಸ್‌ನಲ್ಲಿ ಮಗುವಿಗೆ ಪೆನ್ ಎಂಬ 11 ಅಂಕಿಯ ನಂಬರು ಇರುತ್ತದೆ. ಹಳೆಯ ಶಾಲೆ ಆ ಹೆಸರನ್ನು ಡ್ರಾಪ್‌ಬಾಕ್ಸಿಗೆ (ಶಾಲೆ ಬಿಟ್ಟವರ ಪಟ್ಟಿಗೆ) ಬಿಡುವ ತನಕ ಹೊಸ ಶಾಲೆ ಎತ್ತಿಕೊಳ್ಳಲಾರದು. ಟಿಸಿ ಕೈಗೆ ಬಂದ ದಿನವೇ ಹಳೆಯ ಶಾಲೆಯ ಆಫೀಸಿನಲ್ಲಿ ನಿಂತು ಇದನ್ನು ಮಾಡಿಸಿ, ಫೋನಿನಲ್ಲಿ ಹೇಳಿದರೆ ‘ನಾಳೆ’ ಆಗುತ್ತದೆ.

ಮುಂದೆ ಕರ್ನಾಟಕದಲ್ಲಿ ಇಂಜಿನಿಯರಿಂಗ್ ಮೊದಲಾದವುಗಳಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಅರ್ಜಿ ಹಾಕುವ ಯೋಚನೆ ಇದ್ದರೆ ಗಡಿನಾಡು ಕನ್ನಡಿಗರ ವಿಭಾಗವೊಂದಿದೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳೂ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ್ ತಾಲೂಕುಗಳೂ ಅದರಲ್ಲಿ ಬರುತ್ತವೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯಾಗಿರಬೇಕು. ವಾಸ್ತವ್ಯದ ಮತ್ತು ವ್ಯಾಸಂಗದ ಪ್ರಮಾಣಪತ್ರ ಬೇಕು, ಜೊತೆಗೆ ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಪ್ರತಿ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಷರತ್ತಿನ ಒಕ್ಕಣೆ ನೋಡಿಕೊಂಡೇ ಕಾಗದ ಮಾಡಿಸಿ. ವ್ಯಾಸಂಗ ಪ್ರಮಾಣಪತ್ರ ಬರೆದು ಕೊಡಬೇಕಾದದ್ದು ಮಗು ಕಲಿತ ಶಾಲೆಗಳು. ಅದರಲ್ಲೊಂದು ಅಷ್ಟರಲ್ಲಿ ಮುಚ್ಚಿದ್ದರೆ ಹಳೆಯ ರಿಜಿಸ್ಟರ್ ಹುಡುಕಲು ಶಿಕ್ಷಣ ಇಲಾಖೆಯ ಬಾಗಿಲು ಕಾಯಬೇಕಾಗುತ್ತದೆ. ಶಾಲೆ ಬಿಡುವಾಗಲೇ ಟಿಸಿಯ ಜೊತೆ ಒಂದು ವ್ಯಾಸಂಗ ಪ್ರಮಾಣಪತ್ರವನ್ನೂ, ಎರಡನೇ ಭಾಷೆ ಯಾವುದೆಂದು ನಮೂದಿಸಿ, ಸೀಲು ಹಾಕಿಸಿ ತೆಗೆದಿಟ್ಟುಕೊಳ್ಳಿ.